ನುಡಿಯ ಹೊಣೆ ಹೊತ್ತ ಬಾನುಲಿ ಬರಹಗಾರ: ಜಾರ್ಜ್ ಆರ್ವೆಲ್

ಮನುಷ್ಯನಿಗೆ ದೊರೆತಿರುವ ಸಂಪತ್ತುಗಳಲ್ಲೆಲ್ಲ ಮಾತು ಹಿರಿದಾದುದು. ಅದನ್ನು ಸತ್ಯಕ್ಕಾಗಿ ಬಳಸುವವನು ತಾನೂ ಬೆಳಗಿ ಲೋಕವನ್ನೂ ಬೆಳಗುತ್ತಾನೆ. ಅಸತ್ಯಕ್ಕಾಗಿ ಬಳಸುವವನು ತಾನೂ ಕೆಟ್ಟು ಲೋಕವನ್ನೂ ಕೆಡಿಸುತ್ತಾನೆ. ನಡೆ ನುಡಿಗಳು ಒಂದಾಗಿರಬೇಕೆಂಬುದನ್ನೇ ಬದುಕಿನ ಒರೆಗಲ್ಲಾಗಿ ಹನ್ನೆರಡನೆಯ ಶತಮಾನದ ಶರಣರು ನಮ್ಮ ನಾಡಿನ ಮುಂದಿಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಮಾತು ಬಾನುಲಿಯ ಅಲೆಗಳನ್ನೇರಿ ಸಮುದ್ರಗಳನ್ನು ದಾಟಿ ಕೇಳಿಬರತೊಡಗಿದಾಗ ಈ ಒರೆಗಲ್ಲಿನ ಅಗತ್ಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆ ಕಾಲದಲ್ಲಿ ಒಂದು ಸಾಮ್ರಾಜ್ಯದ ಬಾನುಲಿ ಕೇಂದ್ರದಲ್ಲಿ ಕುಳಿತು, ಆ ಸಾಮ್ರಾಜ್ಯವನ್ನು ಒಪ್ಪದೆಯೇ ಭಾರತೀಯರೊಡನೆ ಮಾತನಾಡಬೇಕಾಗಿ ಬಂದ ಒಬ್ಬ ಲೇಖಕರ ಬದುಕು ವಿದ್ಯಾರ್ಥಿಗಳು ಅರಿತಿರಬೇಕಾದುದಾಗಿದೆ. ಲೋಕ ಅವರನ್ನು ಜಾರ್ಜ್ ಆರ್ವೆಲ್ ಎಂಬ ಹೆಸರಿನಿಂದ ಬಲ್ಲುದು.

ಅವರ ನಿಜನಾಮ ಎರಿಕ್ ಆರ್ಥರ್ ಬ್ಲೇರ್. ೧೯೦೩ನೆಯ ಇಸವಿ ಜೂನ್ ೨೫ರಂದು ಬಿಹಾರದ ಮೋತಿಹಾರಿಯಲ್ಲಿ ಅವರು ಜನಿಸಿದರು. ಮುಂದೆ ೧೯೧೭ರಲ್ಲಿ ಗಾಂಧೀಜಿಯವರು ನೀಲಿ ಬೆಳೆಯುವ ರೈತರ ಪರವಾಗಿ ಸತ್ಯಾಗ್ರಹ ಹೂಡಿದ ಚಂಪಾರಣ್ಯ ಜಿಲ್ಲೆಯ ಕೇಂದ್ರವೇ ಈ ಮೋತಿಹಾರಿ. ತಂದೆ ರಿಚರ್ಡ್ ಬ್ಲೇರ್ ಅವರು ಬ್ರಿಟಿಷ್ ಸರಕಾರದ ಅಫೀಮು ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ತಾಯಿ ಐಡಾ ಅವರು ಬರ್ಮಾದ ಮೌಲ್ಮೇನ್‌ನಲ್ಲಿ ಬೆಳೆದವರು. ಮಗುವಿಗೆ ಒಂದು ವರ್ಷ ತುಂಬುವಷ್ಟರಲ್ಲಿ ತಾಯಿ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ತೆರಳಿದರು. ಹೀಗಾಗಿ ಹುಟ್ಟಿದ ನೆಲದ ನೆನಪು ಆ ಮಗುವಿಗೆ ಉಳಿಯಲಿಲ್ಲ. ಆದರೆ ಭಾರತದೊಡನೆ ಅದಕ್ಕಿದ್ದ ಋಣಾನುಬಂಧ ಮಾತ್ರ ಹರಿಯಲಿಲ್ಲ.

ಕುಟುಂಬಕ್ಕೆ ಪ್ರತಿಷ್ಠೆಯಿತ್ತು, ಹಣವಿರಲಿಲ್ಲ. ಎಂಟರ ವಯಸ್ಸಿನಲ್ಲಿ ಈಸ್ಟ್‌ಬೋರ್ನ್ ಎಂಬ ಊರಿನ ವಸತಿಶಾಲೆಗೆ ಅವರನ್ನು ಶುಲ್ಕದಲ್ಲಿ ರಿಯಾಯಿತಿ ಪಡೆದು ಸೇರಿಸಲಾಯಿತು. ಸಿರಿವಂತರ ಮಕ್ಕಳ ನಡುವೆ ಬಡವನಾಗಿ ಬೆಳೆಯುವ ನೋವನ್ನು ಅವರು ಅಲ್ಲಿಯೇ ಕಂಡುಂಡರು. ವಿದ್ಯೆಯಲ್ಲಿ ಮಾತ್ರ ಚುರುಕಾಗಿದ್ದ ಬಾಲಕ ವಿದ್ಯಾರ್ಥಿವೇತನ ಗಳಿಸಿ ೧೯೧೭ರಲ್ಲಿ ಪ್ರಸಿದ್ಧವಾದ ಈಟನ್ ಶಾಲೆಯನ್ನು ಪ್ರವೇಶಿಸಿದನು. ಅಲ್ಲಿ ಕೆಲಕಾಲ ಆಲ್ಡಸ್ ಹಕ್ಸ್‌ಲಿಯವರು ಫ್ರೆಂಚ್ ಭಾಷೆಯ ಉಪಾಧ್ಯಾಯರಾಗಿದ್ದರು. ಈಟನ್ನಿನ ಬಳಿಕ ವಿಶ್ವವಿದ್ಯಾನಿಲಯದ ವ್ಯಾಸಂಗಕ್ಕೆ ಅನುಕೂಲವಾಗಲಿಲ್ಲ. ತಂದೆಯಂತೆಯೇ ಪೂರ್ವದೇಶದಲ್ಲಿ ಸರಕಾರಿ ಸೇವೆಗೆ ಸೇರುವ ದಾರಿಯನ್ನು ಅವರು ಹಿಡಿದರು.

೧೯೨೨ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಇಂಡಿಯನ್ ಇಂಪೀರಿಯಲ್ ಪೋಲೀಸ್ ಸೇವೆಗೆ ಸೇರಿ ಬರ್ಮಾಕ್ಕೆ ಹೋದರು. ಆಗ ಬರ್ಮಾ ಬ್ರಿಟಿಷ್ ಭಾರತದ ಒಂದು ಪ್ರಾಂತವಾಗಿತ್ತು. ಮಂಡಾಲೆಯಲ್ಲಿ ತರಬೇತಿ ಪಡೆದು ಇನ್‌ಸೇನ್, ಮೌಲ್ಮೇನ್, ಕಾಥಾ ಮೊದಲಾದ ಊರುಗಳಲ್ಲಿ ಅವರು ಕೆಲಸ ಮಾಡಿದರು. ಬರ್ಮೀ ಭಾಷೆಯನ್ನು ಚೆನ್ನಾಗಿ ಕಲಿತರು. ಸೆರೆಮನೆ, ಛಡಿಯೇಟು, ಗಲ್ಲು ಇವುಗಳ ನಡುವೆ ಐದು ವರ್ಷ ಕಳೆದ ಆ ತರುಣ ಅಧಿಕಾರಿಗೆ ಆಳುವವರ ನ್ಯಾಯವೆಂಬುದು ಆಳಿಸಿಕೊಳ್ಳುವವರ ಕಣ್ಣಿಗೆ ಹೇಗೆ ಕಾಣುತ್ತದೆಂಬುದು ತಿಳಿಯಿತು. ಮುಂದೆ ೧೯೩೬ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಸುತ್ತ ನೆರೆದ ಜನ ನಕ್ಕಾರೆಂಬ ಅಂಜಿಕೆಯಿಂದ, ಮನಸ್ಸಿಲ್ಲದಿದ್ದರೂ ಆನೆಯೊಂದನ್ನು ಗುಂಡಿಕ್ಕಿ ಕೊಲ್ಲುವ ಬಿಳಿಯ ಅಧಿಕಾರಿಯನ್ನು ಅವರು ಚಿತ್ರಿಸಿದರು. ಇನ್ನೊಬ್ಬರನ್ನು ದಾಸರನ್ನಾಗಿ ಮಾಡುವವನು ತಾನೂ ಸ್ವತಂತ್ರನಾಗಿ ಉಳಿಯಲಾರನೆಂಬ ಅರಿವು ಅದರ ತಿರುಳು. ೧೯೨೭ರಲ್ಲಿ ಡೆಂಗ್ಯೂ ಜ್ವರದಿಂದ ನರಳಿ ರಜೆಯ ಮೇಲೆ ಊರಿಗೆ ಮರಳಿದವರು ಮತ್ತೆ ಹೋಗಲಿಲ್ಲ. ಒಳ್ಳೆಯ ಸಂಬಳದ ಹುದ್ದೆಗೆ ರಾಜೀನಾಮೆಯಿತ್ತು, ಲೇಖಕನಾಗುವೆನೆಂದು ಹೇಳಿ ಮನೆಯವರನ್ನು ಕಳವಳಕ್ಕೀಡುಮಾಡಿದರು.

ಬರವಣಿಗೆಯ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಲಂಡನ್ನಿನ ಬಡವರ ಕೇರಿಗಳಲ್ಲಿ ಹರಕು ಬಟ್ಟೆಯುಟ್ಟು ನಿರ್ಗತಿಕರ ಜೊತೆಗೆ ಅವರು ಮಲಗೆದ್ದರು. ೧೯೨೮ರಲ್ಲಿ ಪ್ಯಾರಿಸ್ ನಗರಕ್ಕೆ ಹೋಗಿ, ಕೈಯಲ್ಲಿದ್ದುದೆಲ್ಲ ಕರಗಿದ ಮೇಲೆ ಹೋಟೆಲೊಂದರಲ್ಲಿ ಮುಸುರೆ ತಿಕ್ಕುವ ಕೆಲಸ ಮಾಡಿದರು. ಈ ಅನುಭವಗಳನ್ನು ಕುರಿತ ಅವರ ಮೊದಲ ಪುಸ್ತಕ ೧೯೩೩ರಲ್ಲಿ ಪ್ರಕಟವಾಯಿತು. ತಂದೆತಾಯಿಗಳಿಗೆ ಮುಜುಗರವಾಗದಿರಲೆಂದು ಅವರು ಕಾವ್ಯನಾಮವೊಂದನ್ನು ಬಯಸಿದ್ದರು. ಇಂಗ್ಲೆಂಡಿನ ಸಾಮಾನ್ಯವಾದ ಹೆಸರು ಜಾರ್ಜ್. ಸಫಕ್ ಪ್ರಾಂತದಲ್ಲಿ ಹರಿಯುವ ಒಂದು ನದಿಯ ಹೆಸರು ಆರ್ವೆಲ್. ಇವೆರಡೂ ಸೇರಿ ಅಂದಿನಿಂದ ಎರಿಕ್ ಬ್ಲೇರ್ ಅವರು ಜಾರ್ಜ್ ಆರ್ವೆಲ್ ಆದರು. ಮರುವರ್ಷ ಪ್ರಕಟವಾದ ‘ಬರ್ಮೀಸ್ ಡೇಸ್’ ಕಾದಂಬರಿ ವಸಾಹತು ಅಧಿಕಾರಿಗಳ ಬಾಳನ್ನು ಬಯಲಿಗೆಳೆಯಿತು. ಮಾನನಷ್ಟದ ಮೊಕದ್ದಮೆಗೆ ಹೆದರಿ ಲಂಡನ್ನಿನ ಪ್ರಕಾಶಕರು ಹಿಂಜರಿದುದರಿಂದ ಅದು ಮೊದಲು ಅಚ್ಚಾದುದು ನ್ಯೂಯಾರ್ಕಿನಲ್ಲಿ. ೧೯೩೬ರ ಆರಂಭದಲ್ಲಿ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಿಗೆ ಇಳಿದು, ಕೂಲಿಕಾರರ ಮನೆಗಳಲ್ಲಿ ತಂಗಿ, ಅವರ ದುಡಿಮೆಯನ್ನೂ ನಿರುದ್ಯೋಗವನ್ನೂ ಕಣ್ಣಾರೆ ಕಂಡು ಬರೆದರು. ಅದೇ ವರ್ಷ ಜೂನ್ ತಿಂಗಳಲ್ಲಿ ಐಲೀನ್ ಓ'ಶಾನೆಸಿ ಎಂಬ ವಿದ್ಯಾವತಿಯೊಡನೆ ಅವರ ವಿವಾಹವಾಯಿತು.

೧೯೩೬ರ ಡಿಸೆಂಬರಿನಲ್ಲಿ ಅವರು ಸ್ಪೇನ್ ದೇಶಕ್ಕೆ ತೆರಳಿದರು. ಅಲ್ಲಿ ಜನರು ಚುನಾಯಿಸಿದ ಸರಕಾರದ ವಿರುದ್ಧ ಸೇನಾಧಿಪತಿ ಫ್ರಾಂಕೊ ದಂಗೆಯೆದ್ದಿದ್ದನು. ಆರ್ವೆಲ್ಲರು ಬಂದೂಕು ಹಿಡಿದು ಗಣರಾಜ್ಯದ ಪರವಾಗಿ ಅರಗಾನ್ ರಣರಂಗದಲ್ಲಿ ಹೋರಾಡಿದರು. ೧೯೩೭ರ ಮೇ ೨೦ರಂದು ಶತ್ರುವಿನ ಗುಂಡು ಅವರ ಕುತ್ತಿಗೆಯನ್ನು ತೂರಿಕೊಂಡು ಹೋಯಿತು. ಪ್ರಾಣವುಳಿದುದು ಪವಾಡವೇ ಸರಿ. ಧ್ವನಿತಂತುಗಳಿಗೆ ಹೋಗುವ ನರಕ್ಕೆ ಪೆಟ್ಟಾಗಿ ಕೆಲವು ವಾರ ಪಿಸುಮಾತಿನ ಹೊರತು ಬೇರೆ ದನಿ ಹೊರಡಲಿಲ್ಲ. ಕ್ರಮೇಣ ಮಾತು ಮರಳಿತಾದರೂ ಅದು ಕೊನೆಯವರೆಗೂ ಕ್ಷೀಣವಾಗಿಯೇ ಉಳಿಯಿತು. ನಾಲ್ಕು ಜನ ಗದ್ದಲ ಮಾಡುವೆಡೆಯಲ್ಲಿ ಅವರ ದನಿ ಮೇಲೇಳುತ್ತಿರಲಿಲ್ಲ.

ದೇಹಕ್ಕಾದ ಗಾಯಕ್ಕಿಂತ ಮನಸ್ಸಿಗಾದ ಗಾಯ ಹಿರಿದಾಗಿತ್ತು. ಅವರು ಸೇರಿದ್ದ ಪಡೆಯ ಪಕ್ಷವನ್ನು ಅದೇ ಗಣರಾಜ್ಯದ ಕಮ್ಯುನಿಸ್ಟರು ದ್ರೋಹಿಗಳೆಂದು ಕರೆದು ನಿಷೇಧಿಸಿದರು. ನಿನ್ನೆಯವರೆಗೆ ಹೆಗಲಿಗೆ ಹೆಗಲು ಕೊಟ್ಟವರು ಸೆರೆಮನೆ ಸೇರಿದರು. ಪತಿಪತ್ನಿಯರು ಗಡಿ ದಾಟಿ ಪಾರಾದರು. ತಾವು ಕಣ್ಣಾರೆ ಕಂಡುದು ಒಂದಾಗಿದ್ದರೆ ಪತ್ರಿಕೆಗಳಲ್ಲಿ ಬಂದುದು ಇನ್ನೊಂದಾಗಿತ್ತು. ನಡೆಯದ ಕಾಳಗಗಳ ವರ್ಣನೆಯಿತ್ತು. ಮಡಿದ ವೀರರಿಗೆ ಹೇಡಿಗಳೆಂಬ ಹಣೆಪಟ್ಟಿಯಿತ್ತು. ಹೀಗೆ ಬರೆಯುತ್ತ ಹೋದರೆ ನಡೆದುದೇನೆಂಬುದೇ ಮುಂದಿನವರಿಗೆ ತಿಳಿಯದಂತಾಗುವುದೆಂಬ ಭಯ ಅವರನ್ನು ಹಿಡಿಯಿತು. ಈ ಅನುಭವವನ್ನು ಕುರಿತ ‘ಹೋಮೇಜ್ ಟು ಕೆಟಲೋನಿಯ’ ೧೯೩೮ರಲ್ಲಿ ಪ್ರಕಟವಾಯಿತು. ಅಚ್ಚಾದ ೧೫೦೦ ಪ್ರತಿಗಳು ಅವರು ಬದುಕಿರುವ ತನಕ ಪೂರ್ತಿ ಮಾರಾಟವಾಗಲಿಲ್ಲ. ಅದೇ ವರ್ಷ ಕ್ಷಯರೋಗದ ಲಕ್ಷಣಗಳು ಕಾಣಿಸಿಕೊಂಡು, ರಕ್ತ ಕಾರಿ, ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿ ಇರಬೇಕಾಯಿತು.

೧೯೩೯ರಲ್ಲಿ ಎರಡನೆಯ ಮಹಾಯುದ್ಧ ಪ್ರಾರಂಭವಾದಾಗ ಈ ಶ್ವಾಸಕೋಶಗಳ ದೆಸೆಯಿಂದಲೇ ಸೈನ್ಯ ಅವರನ್ನು ಸೇರಿಸಿಕೊಳ್ಳಲಿಲ್ಲ. ಹಿಟ್ಲರನನ್ನು ಸೋಲಿಸಲೇಬೇಕೆಂಬ ವಿಷಯದಲ್ಲಿ ಅವರಿಗೆ ಸಂದೇಹವಿರಲಿಲ್ಲ. ಯಾವುದಾದರೊಂದು ಕೆಲಸ ಸಿಗಲೆಂದು ಕಾದಿದ್ದ ಅವರನ್ನು ೧೯೪೧ರ ಆಗಸ್ಟ್ ೧೮ರಂದು ಬಿ.ಬಿ.ಸಿ. ಬಾನುಲಿ ಸಂಸ್ಥೆ ತನ್ನ ಪೂರ್ವದೇಶಗಳ ಸೇವೆಯ ಭಾರತ ವಿಭಾಗಕ್ಕೆ ತೆಗೆದುಕೊಂಡಿತು. ವಾರ್ಷಿಕ ವೇತನ ೬೪೦ ಪೌಂಡು. ಬ್ರಿಟಿಷ್ ಆಡಳಿತವನ್ನು ಧಿಕ್ಕರಿಸಿ ಬರ್ಮಾದಿಂದ ಹೊರಬಂದಿದ್ದ ವ್ಯಕ್ತಿ ಹದಿನಾಲ್ಕು ವರ್ಷಗಳ ಬಳಿಕ ಅದೇ ಆಡಳಿತದ ಪರವಾಗಿ ಭಾರತೀಯರ ಮನವೊಲಿಸುವ ಪೀಠದಲ್ಲಿ ಕುಳಿತುಕೊಳ್ಳಬೇಕಾಯಿತು. ಅವರ ಬಾಳಿನ ಧರ್ಮಸಂಕಟ ಇಲ್ಲಿ ಮೊದಲಾಯಿತು.

ಆ ದಿನಗಳಲ್ಲಿ ಆಕಾಶವೂ ಒಂದು ರಣರಂಗವಾಗಿತ್ತು. ಜರ್ಮನಿಯಿಂದಲೂ ಜಪಾನಿನಿಂದಲೂ ಭಾರತದ ಕಡೆಗೆ ಪ್ರಸಾರಗಳು ಬರುತ್ತಿದ್ದವು. ೧೯೪೨ರಿಂದ ನೇತಾಜಿ ಸುಭಾಷಚಂದ್ರ ಬೋಸರ ದನಿ ಬರ್ಲಿನ್ನಿನಿಂದ ಕೇಳಿಬರತೊಡಗಿತು. ಇದಕ್ಕೆ ಪ್ರತಿಯಾಗಿ ಲಂಡನ್ನಿನಿಂದ ಭಾರತೀಯರಿಗೆ ಕಾರ್ಯಕ್ರಮಗಳನ್ನು ರೂಪಿಸುವುದು ಆ ವಿಭಾಗದ ಹೊಣೆ. ಭಾರತದ ಬಾನುಲಿಯಲ್ಲಿ ಅನುಭವ ಪಡೆದಿದ್ದ ಜುಲ್ಫಿಕರ್ ಬುಖಾರಿಯವರು ಅದರ ಕಾರ್ಯಕ್ರಮ ಸಂಘಟಕರಾಗಿದ್ದರು. ಆರ್ವೆಲ್ಲರು ಪ್ರತಿ ವಾರ ಯುದ್ಧದ ಗತಿಯನ್ನು ವಿವರಿಸುವ ವಾರ್ತಾವಿಮರ್ಶೆಗಳನ್ನು ಸಿದ್ಧಪಡಿಸಬೇಕಾಗಿತ್ತು. ಅವುಗಳಲ್ಲಿ ಕೆಲವು ಇಂಗ್ಲಿಷಿನಲ್ಲಿಯೂ ಕೆಲವು ಹಿಂದೂಸ್ತಾನಿ, ಬಂಗಾಳಿ, ಮರಾಠಿ, ಗುಜರಾತಿ, ತಮಿಳು ಭಾಷೆಗಳಿಗೆ ಅನುವಾದಗೊಂಡೂ ಪ್ರಸಾರವಾಗುತ್ತಿದ್ದವು. ಎರಡು ವರ್ಷಗಳಲ್ಲಿ ಇಂಥ ಇನ್ನೂರಕ್ಕೂ ಮಿಕ್ಕ ಬರಹಗಳನ್ನು ಅವರು ಬರೆದರು. ಮೊದಮೊದಲು ಇವನ್ನು ಬೇರೆಯವರು ಓದುತ್ತಿದ್ದರು. ೧೯೪೨ರ ನವೆಂಬರಿನಿಂದ ಅವರೇ ತಮ್ಮ ಹೆಸರಿನಲ್ಲಿ ಓದತೊಡಗಿದರು. ತಮ್ಮ ಸ್ವತಂತ್ರ ನಿಲುವಿಗೆ ಚ್ಯುತಿ ಬಾರದಿದ್ದರೆ ಮಾತ್ರ ಆ ಹೆಸರಿಗೆ ಭಾರತೀಯರಲ್ಲಿ ಬೆಲೆಯೆಂದು ಮೇಲಧಿಕಾರಿಗಳಿಗೆ ಅವರು ಮೊದಲೇ ತಿಳಿಸಿದ್ದರು.

ವಾರ್ತೆಗಿಂತಲೂ ಅವರ ಮನಸ್ಸಿಗೆ ಹಿತವಾಗಿದ್ದುದು ಸಾಹಿತ್ಯದ ಕಾರ್ಯಕ್ರಮಗಳು. ಕಲ್ಕತ್ತೆ, ಮುಂಬಯಿ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳ ಪಠ್ಯಕ್ಕೆ ಹೊಂದುವಂತೆ ಇಂಗ್ಲಿಷ್ ಸಾಹಿತ್ಯ ಕುರಿತ ಉಪನ್ಯಾಸಗಳನ್ನು ಅವರು ಏರ್ಪಡಿಸಿದರು. ಇ. ಎಂ. ಫಾರ್ಸ್ಟರ್, ಟಿ. ಎಸ್. ಎಲಿಯಟ್, ವಿಲಿಯಂ ಎಂಪ್ಸನ್ ಮುಂತಾದ ಹಿರಿಯರನ್ನು ಧ್ವನಿಗ್ರಾಹಕದ ಮುಂದೆ ಕೂರಿಸಿದರು. ‘ವಾಯ್ಸ್’ ಎಂಬ ಹೆಸರಿನ ಕಾವ್ಯಪತ್ರಿಕೆಯೊಂದನ್ನು ಕಾಗದದ ಮೇಲೆ ಅಚ್ಚು ಮಾಡದೆ ಬಾನುಲಿಯಲ್ಲೇ ಹೊರಡಿಸಿದರು. ೧೯೪೨ರಲ್ಲಿ ಅದರ ಆರು ಸಂಚಿಕೆಗಳು ಬಿತ್ತರಗೊಂಡವು. ಮುಲ್ಕ್ ರಾಜ್ ಆನಂದ್, ವೇಣು ಚಿತಳೆ, ಮುಂದೆ ನಮ್ಮ ಆಕಾಶವಾಣಿಯ ಮಹಾನಿರ್ದೇಶಕರಾದ ನಾರಾಯಣ ಮೆನನ್, ಜಮೈಕಾದ ಕವಯಿತ್ರಿ ಯೂನಾ ಮಾರ್ಸನ್ ಇವರೆಲ್ಲ ಅದರಲ್ಲಿ ಪಾಲ್ಗೊಂಡವರು. ಬಾಂಬುಗಳಿಂದ ಜರ್ಜರಿತವಾಗಿದ್ದ ನಗರದ ಒಂದು ಕೊಠಡಿಯಲ್ಲಿ ಬೇರೆಬೇರೆ ಖಂಡಗಳ ಬರಹಗಾರರು ಒಂದೇ ಮೇಜಿನ ಸುತ್ತ ಸಮಾನರಾಗಿ ಕುಳಿತು ಕಾವ್ಯವನ್ನು ಚರ್ಚಿಸಿದುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ.

ಆದರೆ ಈ ಕೊಠಡಿಗೆ ಕಾವಲಿತ್ತು. ಪ್ರತಿಯೊಂದು ಬರಹವನ್ನೂ ಪ್ರಸಾರಕ್ಕೆ ಮೊದಲು ಸೆನ್ಸಾರ್ ಅಧಿಕಾರಿಗಳು ಎರಡು ದೃಷ್ಟಿಗಳಿಂದ ಪರಿಶೀಲಿಸುತ್ತಿದ್ದರು: ಯುದ್ಧದ ಗುಟ್ಟುಗಳು ಹೊರಬೀಳದಂತೆ ನೋಡುವುದು ಒಂದು, ಸರಕಾರದ ನೀತಿಗೆ ವಿರೋಧವಾಗದಂತೆ ನೋಡುವುದು ಇನ್ನೊಂದು. ಪ್ರಸಾರದ ವೇಳೆಯಲ್ಲಿ ಒಪ್ಪಿಗೆಯಾದ ಬರಹವನ್ನು ಬಿಟ್ಟು ಮಾತು ಬೇರೆಡೆಗೆ ಹೊರಳಿದರೆ ಗುಂಡಿಯೊತ್ತಿ ದನಿಯನ್ನೇ ನಿಲ್ಲಿಸಲು ಒಬ್ಬರು ಸಿದ್ಧರಾಗಿರುತ್ತಿದ್ದರು. ೧೯೪೨ರ ವಸಂತದಲ್ಲಿ ಕ್ರಿಪ್ಸ್ ಆಯೋಗ ಭಾರತಕ್ಕೆ ಬಂದು ವಿಫಲವಾಯಿತು. ಆಗಸ್ಟ್ ೯ರಂದು ಗಾಂಧೀಜಿ, ನೆಹರೂ ಮೊದಲಾದ ನಾಯಕರು ಬಂಧನಕ್ಕೊಳಗಾದರು. ನಾಡಿನ ನಾಯಕರೆಲ್ಲ ಸೆರೆಮನೆಯಲ್ಲಿರುವಾಗ ಆ ನಾಡಿನ ಜನಕ್ಕೆ ಸ್ವಾತಂತ್ರ್ಯಕ್ಕಾಗಿ ನಡೆಯುತ್ತಿರುವ ಯುದ್ಧದ ಬಗೆಗೆ ಬೋಧಿಸಬೇಕಾದ ಸ್ಥಿತಿ ಆರ್ವೆಲ್ಲರದಾಯಿತು. ಭಾರತಕ್ಕೆ ಸ್ವಾತಂತ್ರ್ಯ ಸಲ್ಲಬೇಕೆಂಬ ನಿಲುವನ್ನು ಅವರು ಬಚ್ಚಿಡಲಿಲ್ಲ. ಆದರೆ ನಾಜಿಗಳೂ ಜಪಾನೀಯರೂ ಗೆದ್ದರೆ ಆ ಸ್ವಾತಂತ್ರ್ಯದ ಮಾತೇ ಇಲ್ಲವಾಗುವುದೆಂದೂ ಅವರು ನಂಬಿದ್ದರು. ಸುಳ್ಳನ್ನು ಹೇಳದಿರಲು ಶಕ್ತಿಮೀರಿ ಯತ್ನಿಸಿದರು. ಹೇಳಬೇಕಾದ ಸತ್ಯವನ್ನೆಲ್ಲ ಹೇಳಲು ಮಾತ್ರ ಅವರಿಗೆ ಅವಕಾಶವಿರಲಿಲ್ಲ.

ಇದರ ಮೇಲೆ ಇನ್ನೊಂದು ನಿರಾಶೆ ಬಂದೊದಗಿತು. ಕೇಳುಗರ ಸ್ಥಿತಿಗತಿಗಳನ್ನು ಅರಿಯಲು ಭಾರತಕ್ಕೆ ಕಳುಹಿಸಿದ್ದ ಲಾರೆನ್ಸ್ ಬ್ರಾಂಡರ್ ಅವರ ವರದಿಯಿಂದ, ಈ ಕಾರ್ಯಕ್ರಮಗಳನ್ನು ಕೇಳುವವರು ಅತ್ಯಲ್ಪವೆಂಬುದು ಗೊತ್ತಾಯಿತು. ಹ್ರಸ್ವತರಂಗದ ಪ್ರಸಾರ ಹಿಡಿಯಬಲ್ಲ ರೇಡಿಯೊ ಪೆಟ್ಟಿಗೆಗಳು ಕೆಲವರಲ್ಲಿ ಮಾತ್ರ ಇದ್ದವು; ಅಷ್ಟು ದೂರದಿಂದ ಬರುವ ದನಿಯೂ ಸ್ಪಷ್ಟವಾಗಿರುತ್ತಿರಲಿಲ್ಲ. ಗುಂಡೇಟಿನಿಂದ ಸೊರಗಿದ ಆರ್ವೆಲ್ಲರ ಕಂಠವು ಪ್ರಸಾರಕ್ಕೆ ತಕ್ಕುದಲ್ಲವೆಂದು ಹಿರಿಯ ಅಧಿಕಾರಿಯೊಬ್ಬರು ೧೯೪೩ರಲ್ಲಿ ಆಕ್ಷೇಪಿಸಿದರು. ಕೇಳುವವರಿಲ್ಲದ ಮಾತಿಗೆ, ಪೂರ್ತಿ ತಮ್ಮದಲ್ಲದ ಮಾತಿಗೆ, ಆಯುಷ್ಯದ ಎರಡು ವರ್ಷಗಳು ವ್ಯರ್ಥವಾಗಿ ವ್ಯಯವಾದುವೆಂದು ಅವರಿಗೆ ತೋರಿತು. ೧೯೪೩ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಬರೆದುಕೊಟ್ಟು ನವೆಂಬರ್ ೨೪ರಂದು ಹೊರಬಂದರು. ಸಂಸ್ಥೆಯ ಬಗೆಗೆ ಅವರಿಗೆ ಕಹಿಯಿರಲಿಲ್ಲ. ತಮ್ಮನ್ನು ಅಲ್ಲಿ ಗೌರವದಿಂದಲೇ ನಡೆಸಿಕೊಂಡರೆಂದು ರಾಜೀನಾಮೆಯಲ್ಲಿ ಒಪ್ಪಿಕೊಂಡಿದ್ದರು.

ಕೊನೆಯ ದಿನಗಳಲ್ಲಿ ಅವರು ಬಾನುಲಿಗಾಗಿ ರೂಪಾಂತರಿಸಿದ ಕಥೆಗಳಲ್ಲೊಂದು, ಇಲ್ಲದ ಬಟ್ಟೆಯುಟ್ಟು ಮೆರೆದ ಚಕ್ರವರ್ತಿಯನ್ನು ಕುರಿತು ಆಂಡರ್ಸನ್ ಬರೆದ ಮಕ್ಕಳ ಕಥೆ. ಎಲ್ಲರೂ ಕಾಣದುದನ್ನು ಕಂಡೆವೆನ್ನುವಾಗ ಕಂಡುದನ್ನು ಕಂಡಂತೆ ಹೇಳುವ ಮಗುವಿನ ಪಾತ್ರ ಅದರಲ್ಲಿದೆ. ಬಿ.ಬಿ.ಸಿ.ಯಿಂದ ಹೊರಬಂದೊಡನೆ ‘ಟ್ರಿಬ್ಯೂನ್’ ವಾರಪತ್ರಿಕೆಯ ಸಾಹಿತ್ಯ ಸಂಪಾದಕರಾದ ಆರ್ವೆಲ್ಲರು ತಾವೂ ಅಂಥದೊಂದು ಕಥೆಯನ್ನು ಬರೆಯಲು ತೊಡಗಿದರು. ಒಡೆಯನನ್ನು ಓಡಿಸಿ ಸಮಾನತೆಯ ರಾಜ್ಯ ಕಟ್ಟಹೊರಟ ಪ್ರಾಣಿಗಳು ಕಡೆಗೆ ತಮ್ಮಲ್ಲೇ ಹುಟ್ಟಿದ ಒಡೆಯರಿಗೆ ಅಡಿಯಾಳಾದ ಕಥೆ ಅದು. ಸ್ಟಾಲಿನ್ನನ ಆಳ್ವಿಕೆಯ ವಿಡಂಬನೆಯಾದ ‘ಅನಿಮಲ್ ಫಾರಂ’ ೧೯೪೪ರ ಆರಂಭಕ್ಕೆ ಮುಗಿಯಿತು. ರಷ್ಯಾ ಆಗ ಬ್ರಿಟನ್ನಿನ ಮಿತ್ರರಾಷ್ಟ್ರವಾಗಿದ್ದುದರಿಂದ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಬಾನುಲಿಯಲ್ಲಿ ತಮ್ಮ ಅತಿಥಿಯಾಗಿದ್ದ ಎಲಿಯಟ್ ಅವರೂ ತಮ್ಮ ಪ್ರಕಾಶನ ಸಂಸ್ಥೆಯ ಪರವಾಗಿ ಬೇಡವೆಂದರು. ೧೯೪೪ರ ಜೂನಿನಲ್ಲಿ ಜರ್ಮನರ ಹಾರುವ ಬಾಂಬಿನಿಂದ ಅವರ ಮನೆ ಹಾಳಾದಾಗ ಆ ಹಸ್ತಪ್ರತಿಯನ್ನು ಅವಶೇಷಗಳ ನಡುವಿನಿಂದ ಹುಡುಕಿ ತೆಗೆಯಬೇಕಾಯಿತು. ಕೊನೆಗೆ ೧೯೪೫ರ ಆಗಸ್ಟ್ ೧೭ರಂದು ಅದು ಬೆಳಕು ಕಂಡು ಲೋಕಪ್ರಸಿದ್ಧವಾಯಿತು. ೧೯೪೭ರ ಜನವರಿಯಲ್ಲಿ ಅವರೇ ಸಿದ್ಧಪಡಿಸಿದ ಅದರ ಬಾನುಲಿ ರೂಪ ಬಿ.ಬಿ.ಸಿ.ಯಿಂದ ಪ್ರಸಾರವಾಯಿತು.

ಕೀರ್ತಿ ಬಂದ ವೇಳೆಗೆ ಮನೆಯ ದೀಪ ಆರಿತ್ತು. ದಂಪತಿಗಳು ೧೯೪೪ರಲ್ಲಿ ಒಂದು ಗಂಡುಮಗುವನ್ನು ದತ್ತು ಪಡೆದಿದ್ದರು. ೧೯೪೫ರ ಮಾರ್ಚ್ ೨೯ರಂದು, ಆರ್ವೆಲ್ಲರು ಯುದ್ಧವರದಿಗಾರರಾಗಿ ಯೂರೋಪಿನಲ್ಲಿದ್ದಾಗ, ಐಲೀನ್ ಅವರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಮರಣಹೊಂದಿದರು. ಹಸುಗೂಸನ್ನು ಸಾಕುವ ಹೊಣೆ ರೋಗಿಯಾದ ತಂದೆಯ ಮೇಲೆ ಬಿತ್ತು. ಸ್ಕಾಟ್ಲೆಂಡಿನ ಜೂರಾ ದ್ವೀಪದ ಒಂಟಿಮನೆಯಲ್ಲಿ, ತಂಗಿಯ ನೆರವಿನಿಂದ ಮಗುವನ್ನು ನೋಡಿಕೊಳ್ಳುತ್ತ, ತಮ್ಮ ಕೊನೆಯ ಕಾದಂಬರಿಯನ್ನು ಅವರು ಬರೆದರು. ೧೯೪೭ರ ಕೊನೆಗೆ ಕ್ಷಯ ಉಲ್ಬಣಿಸಿತು. ಹೊಸದಾಗಿ ಬಂದಿದ್ದ ಸ್ಟ್ರೆಪ್ಟೋಮೈಸಿನ್ ಔಷಧವನ್ನು ಅಮೆರಿಕದಿಂದ ತರಿಸಿದರೂ ಅದು ಅವರ ದೇಹಕ್ಕೆ ಒಗ್ಗಲಿಲ್ಲ. ೧೯೪೮ರ ಕೊನೆಯಲ್ಲಿ, ಬೆರಳಚ್ಚುಗಾರರಾರೂ ಆ ದ್ವೀಪಕ್ಕೆ ಬರಲೊಪ್ಪದಿರಲು, ಹಾಸಿಗೆಯಲ್ಲಿ ಒರಗಿಕೊಂಡು ಇಡೀ ಗ್ರಂಥವನ್ನು ತಾವೇ ಬೆರಳಚ್ಚು ಮಾಡಿದರು.

೧೯೪೯ರ ಜೂನ್ ೮ರಂದು ಪ್ರಕಟವಾದ ಆ ಕಾದಂಬರಿಯೇ ‘ನೈಂಟೀನ್ ಎಯ್ಟಿಫೋರ್’. ಅದರ ನಾಯಕನು ಸತ್ಯದ ಹೆಸರು ಹೊತ್ತ ಮಂತ್ರಾಲಯವೊಂದರಲ್ಲಿ ಹಳೆಯ ಪತ್ರಿಕೆಗಳನ್ನು ತಿದ್ದುವ ನೌಕರ. ಪ್ರಭುತ್ವ ಇಂದು ಹೇಳುವುದಕ್ಕೆ ತಕ್ಕಂತೆ ನಿನ್ನೆಯ ದಾಖಲೆಗಳನ್ನು ಬದಲಿಸುವುದು ಅವನ ನಿತ್ಯದ ಕಾಯಕ. ಜನರ ಆಲೋಚನೆಯೇ ಕುಗ್ಗುವಂತೆ ವರ್ಷವರ್ಷವೂ ಭಾಷೆಯ ಪದಗಳನ್ನು ಕಡಿಮೆ ಮಾಡುವ ವ್ಯವಸ್ಥೆಯೂ ಅಲ್ಲಿದೆ. ಸ್ಪೇನಿನ ಸುಳ್ಳು ವರದಿಗಳು, ಬಾನುಲಿ ಕಚೇರಿಯ ಸೆನ್ಸಾರ್ ಮೊಹರು, ಯುದ್ಧಕಾಲದ ಆ ಕಚೇರಿಯ ಊಟದ ಮನೆ ಇವೆಲ್ಲ ಬೇರೆ ವೇಷದಲ್ಲಿ ಆ ಗ್ರಂಥದೊಳಕ್ಕೆ ಬಂದುವು. ವ್ಯರ್ಥವಾಯಿತೆಂದು ಅವರು ಮರುಗಿದ ಎರಡು ವರ್ಷಗಳು ಹೀಗೆ ಫಲ ಕೊಟ್ಟವು.

ಆರ್ವೆಲ್ಲರು ದೋಷರಹಿತರೆಂದು ಹೇಳುವಂತಿಲ್ಲ. ೧೯೪೯ರಲ್ಲಿ ರೋಗಶಯ್ಯೆಯಲ್ಲಿದ್ದಾಗ, ಸೋವಿಯತ್ ಪಕ್ಷಪಾತಿಗಳಾಗಿರುವುದರಿಂದ ಬ್ರಿಟಿಷ್ ಸರಕಾರದ ಪ್ರಚಾರ ಬರವಣಿಗೆಗೆ ನಂಬಬಾರದವರೆಂದು ತಾವು ಎಣಿಸಿದ ೩೮ ಮಂದಿಯ ಹೆಸರುಗಳನ್ನು ವಿದೇಶಾಂಗ ಇಲಾಖೆಯ ಒಂದು ವಿಭಾಗಕ್ಕೆ ಅವರು ಗುಟ್ಟಾಗಿ ಕೊಟ್ಟರು. ಗುಪ್ತ ಪಟ್ಟಿಗಳ ಪ್ರಭುತ್ವವನ್ನು ಖಂಡಿಸಿದ ಲೇಖನಿಯಿಂದಲೇ ಇಂಥ ಪಟ್ಟಿಯೊಂದು ಬಂದುದು ಬಹುಕಾಲದ ಮೇಲೆ ಬಯಲಾದಾಗ ಅವರ ಅಭಿಮಾನಿಗಳೂ ನೊಂದರು. ಆಪತ್ಕಾಲದ ಅಂಜಿಕೆ ನಿಷ್ಠುರ ಸತ್ಯವಾದಿಯನ್ನೂ ಎಡವಿಸಬಲ್ಲುದೆಂಬುದಕ್ಕೆ ಇದೇ ಸಾಕ್ಷಿ.

೧೯೪೯ರ ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ, ಹಾಸಿಗೆಯಲ್ಲಿದ್ದಂತೆಯೇ, ಸೋನಿಯಾ ಬ್ರೌನೆಲ್ ಎಂಬವರನ್ನು ಅವರು ವಿವಾಹವಾದರು. ೧೯೫೦ರ ಜನವರಿ ೨೧ರಂದು ಅದೇ ಆಸ್ಪತ್ರೆಯಲ್ಲಿ ನಿಧನರಾದಾಗ ಅವರಿಗೆ ಇನ್ನೂ ನಲವತ್ತಾರು ವರ್ಷ. ಸಟನ್ ಕೋರ್ಟ್ನಿ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಅಲ್ಲಿನ ಕಲ್ಲಿನ ಮೇಲಿರುವುದು ಎರಿಕ್ ಆರ್ಥರ್ ಬ್ಲೇರ್ ಎಂಬ ಹೆಸರು ಮಾತ್ರ. ಲೋಕ ಕೊಂಡಾಡಿದ ಹೆಸರು ಅಲ್ಲಿಲ್ಲ.

ಅವರ ಬಾನುಲಿ ಬರಹಗಳು ದಫ್ತರದಲ್ಲಿ ಬಹುಕಾಲ ಮರೆಯಾಗಿದ್ದು, ೧೯೮೫ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದುವು. ೨೦೧೭ರಲ್ಲಿ ಲಂಡನ್ನಿನ ಬಿ.ಬಿ.ಸಿ. ಭವನದ ಹೊರಗೆ ಅವರ ಪ್ರತಿಮೆ ನಿಂತಿತು. ಆದರೆ ಎರಡು ವರ್ಷ ಬಾನುಲಿಯಲ್ಲಿ ದುಡಿದ ಆ ವ್ಯಕ್ತಿಯ ದನಿಯ ಮುದ್ರಿಕೆ ಒಂದಾದರೂ ಉಳಿದುಬಂದಿಲ್ಲ. ದನಿ ಗಾಳಿಯಲ್ಲಿ ಕರಗಿಹೋಯಿತು. ನುಡಿ ಮಾತ್ರ ನಿಂತಿತು. ಕಂಠ ಎಷ್ಟು ದೊಡ್ಡದೆಂಬುದರಿಂದ ನುಡಿಗೆ ಬೆಲೆ ಬರುವುದಿಲ್ಲ. ಅದರ ಹಿಂದೆ ನಡೆ ಎಷ್ಟಿದೆಯೆಂಬುದರಿಂದ ಬರುತ್ತದೆ. ನಾಳೆ ಉಪಾಧ್ಯಾಯರಾಗಿ, ಪತ್ರಕರ್ತರಾಗಿ, ಅಧಿಕಾರಿಗಳಾಗಿ ನಾಲ್ಕು ಜನರ ಮುಂದೆ ನಿಂತು ಮಾತನಾಡಲಿರುವ ವಿದ್ಯಾರ್ಥಿಗಳು ತಮ್ಮ ಮಾತು ತಮ್ಮದೇ ಆಗಿದೆಯೆ, ಕಂಡುದನ್ನು ಕಂಡಂತೆ ಹೇಳುತ್ತಿದೆಯೆ ಎಂದು ಒಮ್ಮೆ ಒಳಗೆ ಕೇಳಿಕೊಂಡರೆ, ಮೋತಿಹಾರಿಯಲ್ಲಿ ಹುಟ್ಟಿದ ಆ ಬರಹಗಾರರ ಬಾಳನ್ನು ಓದಿದುದು ಸಾರ್ಥಕವಾದೀತು.